ವೋಲ್ಟೇಜ್ ಸರಿ, ನೀರೇಕೆ ಬರದು? ಜನರೇಟರ್ ಕರೆಂಟನ್ನು ಅಳೆಯುವ ಬಗೆ

2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಜಲಾಶಯಗಳು ತುಂಬದೆ ಜಲವಿದ್ಯುತ್ತು ಕುಗ್ಗಿತು. ಅದೇ ಹೊತ್ತಿಗೆ ಒಣಗುತ್ತಿದ್ದ ಪೈರನ್ನು ಉಳಿಸಿಕೊಳ್ಳಲು ರೈತರು ಕೊಳವೆ ಬಾವಿಗಳ ಮೊರೆಹೋದುದರಿಂದ ವಿದ್ಯುತ್ತಿನ ಬೇಡಿಕೆ ಏರಿತು. ಆ ಅಕ್ಟೋಬರಿನಲ್ಲಿ ಪಂಪ್‌ಸೆಟ್ಟುಗಳಿಗೆ 5 ಗಂಟೆಯೋ 7 ಗಂಟೆಯೋ ಎಂಬುದೇ ಹಳ್ಳಿಯಿಂದ ವಿಧಾನಸೌಧದವರೆಗಿನ ಚರ್ಚೆಯಾಯಿತು. 2003ರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ, ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯಕ್ಕೇ ಕೊಡಬೇಕೆಂದು ಸರ್ಕಾರ ಆಜ್ಞೆ ಹೊರಡಿಸಬೇಕಾಯಿತು.

ಈ ಚರ್ಚೆಯಲ್ಲಿ ಗಂಟೆಗಳ ಲೆಕ್ಕ ಬಂತು, ಯೂನಿಟ್ಟುಗಳ ಲೆಕ್ಕ ಬಂತು, ಖರೀದಿಯ ಲೆಕ್ಕವೂ ಬಂತು. ಬಾವಿಯ ಬಳಿ ಮೋಟಾರಿಗೆ ಮುಟ್ಟುವ ವಿದ್ಯುತ್ತು ಎಂಥದು ಎಂಬ ಲೆಕ್ಕ ಮಾತ್ರ ಅಷ್ಟಾಗಿ ಬರಲಿಲ್ಲ. ಇಂಥ ದಿನಗಳಲ್ಲಿ ಅನುಕೂಲವಿದ್ದವರು ಜನರೇಟರ್ ಕೊಳ್ಳುತ್ತಾರೆ. ಇಲ್ಲದವರು ಬಾಡಿಗೆಗೆ ತರುತ್ತಾರೆ. ಟ್ರ್ಯಾಕ್ಟರ್ ಇದ್ದವರು ಅದರ ಹಿಂದಿನ ಪಿ.ಟಿ.ಓ. ದಂಡಕ್ಕೆ ಆಲ್ಟರ್ನೇಟರ್ ಜೋಡಿಸುತ್ತಾರೆ. ಲೈನ್ ಕರೆಂಟಿನ ತೊಂದರೆಯಿಂದ ಪಾರಾದೆವೆಂದು ನೆಮ್ಮದಿಪಡುವ ಹೊತ್ತಿಗೆ ಎರಡು ದೂರುಗಳು ಕೇಳಿಬರುತ್ತವೆ. ಒಂದು, ವೋಲ್ಟ್ ಮೀಟರು 415 ತೋರಿಸುತ್ತಿದ್ದರೂ ನೀರು ಸರಿಯಾಗಿ ಬರುವುದಿಲ್ಲ. ಇನ್ನೊಂದು, ಲೈನಿನಲ್ಲಿ ವರ್ಷಗಟ್ಟಲೆ ಓಡಿದ ಮೋಟಾರು ಜನರೇಟರಿನಲ್ಲಿ ಕೆಲವೇ ದಿನಗಳಲ್ಲಿ ಸುಟ್ಟಿತು. ಎರಡೂ ದೂರುಗಳಿಗೆ ಬಹುಮಟ್ಟಿಗೆ ಕಾರಣ ಒಂದೇ. ಲೈನ್ ಕರೆಂಟನ್ನು ನೋಡುವ ಕಣ್ಣಿನಿಂದಲೇ ನಾವು ಜನರೇಟರ್ ಕರೆಂಟನ್ನೂ ನೋಡುತ್ತಿದ್ದೇವೆ.

ಲೈನಿಗೆ ಒಂದು ರೋಗ, ಜನರೇಟರಿಗೆ ಇನ್ನೊಂದು

ವಿದ್ಯುತ್ತಿಗೆ ವೋಲ್ಟೇಜ್ ಒಂದೇ ಗುಣವಲ್ಲ. ಅದು ಸೆಕೆಂಡಿಗೆ ಎಷ್ಟು ಬಾರಿ ಹಿಂದುಮುಂದಾಗುತ್ತದೆ ಎಂಬುದು ಎರಡನೆಯ ಗುಣ. ಇದನ್ನೇ ಮೆಕ್ಯಾನಿಕ್‌ಗಳು ಫ್ರೀಕ್ವೆನ್ಸಿ ಎನ್ನುತ್ತಾರೆ. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ 50, ಅಂದರೆ 50 ಹರ್ಟ್ಸ್. ಮೂರು ಫೇಸುಗಳು ಪರಸ್ಪರ ಸಮನಾಗಿವೆಯೇ ಎಂಬುದು ಮೂರನೆಯದು. ವಿದ್ಯುತ್ತಿನ ಅಲೆಯ ಆಕಾರ ಚೊಕ್ಕವಾಗಿದೆಯೇ ಎಂಬುದು ನಾಲ್ಕನೆಯದು.

ಲೈನ್ ಕರೆಂಟಿನಲ್ಲಿ ಫ್ರೀಕ್ವೆನ್ಸಿಯ ಚಿಂತೆ ಈಗ ರೈತನಿಗಿಲ್ಲ. ಹಿಂದೆ ಇತ್ತು. ದಕ್ಷಿಣದ ರಾಜ್ಯಗಳ ಜಾಲದಲ್ಲಿ ಬೇಡಿಕೆ ಹೆಚ್ಚಾದಾಗ ಫ್ರೀಕ್ವೆನ್ಸಿ ಕುಸಿಯುವುದು ಒಂದು ಕಾಲಕ್ಕೆ ಮಾಮೂಲಾಗಿತ್ತು. 2003ರ ಜನವರಿಯಲ್ಲಿ ದಕ್ಷಿಣ ವಲಯಕ್ಕೆ ಹೊಸ ದರಪದ್ಧತಿ ಬಂದ ಮೇಲೆ, ಜಾಲ ಕುಸಿದಾಗ ಮಿತಿಮೀರಿ ಎಳೆದುಕೊಳ್ಳುವ ರಾಜ್ಯ ಹೆಚ್ಚು ತೆರಬೇಕಾಯಿತು, ಶಿಸ್ತು ಬಂತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಡನೆ ಒಂದಾಯಿತು. ಇಷ್ಟು ದೊಡ್ಡ ಜಾಲವನ್ನು ಯಾವುದೋ ಒಂದು ಊರಿನ ಪಂಪುಗಳು ಅಲುಗಿಸಲಾರವು. 49.90ರಿಂದ 50.05 ಹರ್ಟ್ಸ್‌ನೊಳಗೆ ಇರಬೇಕೆಂಬುದು ಈಗಿನ ನಿಯಮ. ಹಾಗಾಗಿ ಲೈನಿನಲ್ಲಿ ಕೆಡುವುದು ಮುಖ್ಯವಾಗಿ ವೋಲ್ಟೇಜ್. ಸಣ್ಣ ತಂತಿ, ಹೊರೆ ಹೆಚ್ಚಾದ ಟಿ.ಸಿ., ಉದ್ದದ ಲೈನು, ಇವೆಲ್ಲ ಸೇರಿ ಕೊನೆಯ ಬಾವಿಗೆ ತಲುಪುವಾಗ ವೋಲ್ಟೇಜ್ ಇಳಿದಿರುತ್ತದೆ. ಸ್ಟಾರ್ಟರ್ ಪೆಟ್ಟಿಗೆಯ ವೋಲ್ಟ್ ಮೀಟರನ್ನು ನೋಡಿ ಮೋಟಾರು ಹಾಕುವ ಅಭ್ಯಾಸ ರೈತನಿಗೆ ಬಂದದ್ದು ಹೀಗೆ.

ಜನರೇಟರಿನ ಸ್ಥಿತಿ ಇದಕ್ಕೆ ತಿರುಗುಮುರುಗು. ಅದು ಬಾವಿಯ ಪಕ್ಕದಲ್ಲೇ ಇರುವುದರಿಂದ ತಂತಿಯಲ್ಲಿ ಹೆಚ್ಚು ವೋಲ್ಟೇಜ್ ಕಳೆಯುವುದಿಲ್ಲ. ಒಳ್ಳೆಯ ಆಲ್ಟರ್ನೇಟರುಗಳಲ್ಲಿ ವೋಲ್ಟೇಜನ್ನು ತಾನಾಗಿಯೇ ಹಿಡಿದಿಡುವ ಎ.ವಿ.ಆರ್. ಎಂಬ ಸಾಧನವೂ ಇರುತ್ತದೆ. ಆದರೆ ಫ್ರೀಕ್ವೆನ್ಸಿ ಪೂರ್ತಿಯಾಗಿ ಎಂಜಿನ್ನಿನ ವೇಗವನ್ನೇ ಅವಲಂಬಿಸಿದೆ. ನಾಲ್ಕು ಧ್ರುವಗಳ ಆಲ್ಟರ್ನೇಟರು ನಿಮಿಷಕ್ಕೆ 1500 ಸುತ್ತು ತಿರುಗಿದರೆ 50 ಹರ್ಟ್ಸ್. 1350ಕ್ಕೆ ಇಳಿದರೆ 45 ಹರ್ಟ್ಸ್. ಎರಡು ಧ್ರುವಗಳ ಸಣ್ಣ ಜನರೇಟರಿಗೆ 3000 ಸುತ್ತು ಬೇಕು. ಹೊರೆ ಬಿದ್ದಾಗ ಎಂಜಿನ್ ಸೋತರೆ ಅಥವಾ ಗವರ್ನರ್ ಕೆಟ್ಟಿದ್ದರೆ ಫ್ರೀಕ್ವೆನ್ಸಿ ಕುಸಿಯುತ್ತದೆ. ಎ.ವಿ.ಆರ್. ಮಾತ್ರ ವೋಲ್ಟೇಜನ್ನು 415ರ ಸುಮಾರಿಗೆ ಎಳೆದು ನಿಲ್ಲಿಸುತ್ತದೆ. ವೋಲ್ಟ್ ಮೀಟರು ನೋಡುವವನಿಗೆ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ.

ನೀರು ಏಕೆ ಬರುವುದಿಲ್ಲ

ಫ್ರೀಕ್ವೆನ್ಸಿ ಇಳಿದರೆ ಮೋಟಾರಿನ ವೇಗವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಪಂಪಿನ ಗುಣವೆಂದರೆ, ವೇಗ ಶೇಕಡ 10ರಷ್ಟು ಕಡಿಮೆಯಾದರೆ ಅದು ನೀರನ್ನು ತಳ್ಳಬಲ್ಲ ಎತ್ತರ ಶೇಕಡ 10 ಅಲ್ಲ, ಶೇಕಡ 19ರಷ್ಟು ಕಡಿಮೆಯಾಗುತ್ತದೆ. 50 ಹರ್ಟ್ಸ್‌ನಲ್ಲಿ ಹೆಚ್ಚೆಂದರೆ 200 ಮೀಟರ್ ಎತ್ತರಕ್ಕೆ ನೀರು ತಳ್ಳಬಲ್ಲ ಪಂಪು 45 ಹರ್ಟ್ಸ್‌ನಲ್ಲಿ 162 ಮೀಟರಿಗೆ ಸೋಲುತ್ತದೆ. ನಿಮ್ಮ ಬಾವಿಯಲ್ಲಿ ನೀರು 170 ಮೀಟರ್ ಆಳದಲ್ಲಿದ್ದರೆ ಮೇಲಕ್ಕೆ ಒಂದು ಹನಿಯೂ ಬರದು. ಬಾವಿ ಬತ್ತಿತೆಂದು ರೈತ ಎದೆಗುಂದುತ್ತಾನೆ. ಬತ್ತಿರುವುದು ಬಾವಿಯಲ್ಲ, ಎಂಜಿನ್ನಿನ ವೇಗ.

ಇದರಿಂದ ಇನ್ನೊಂದು ಅಪಾಯವೂ ಇದೆ. ಸಬ್‌ಮರ್ಸಿಬಲ್ ಮೋಟಾರಿಗೆ ತಂಪು ಸಿಗುವುದು ಅದರ ಮೈ ಸವರಿ ಹರಿಯುವ ನೀರಿನಿಂದಲೇ. ನೀರು ಮೇಲೇರದೆ ಒಳಗೇ ಕಡೆದಾಡಿದರೆ ಮೋಟಾರು ಕಾಯುತ್ತದೆ. ಜೊತೆಗೆ ಫ್ರೀಕ್ವೆನ್ಸಿ ಇಳಿದು ವೋಲ್ಟೇಜ್ ಹಾಗೆಯೇ ನಿಂತರೆ ಮೋಟಾರಿನ ಕಬ್ಬಿಣದ ಭಾಗದಲ್ಲೂ ಶಾಖ ಹೆಚ್ಚುತ್ತದೆ. ಎರಡೂ ಶಾಖ ಕೂಡಿ ವೈಂಡಿಂಗ್ ಸುಡುತ್ತದೆ.

ಆಕ್ಸಿಲರೇಟರ್ ಏರಿಸುವ ಅಭ್ಯಾಸ

ಎ.ವಿ.ಆರ್. ಇಲ್ಲದ ಸಣ್ಣ ಜನರೇಟರುಗಳಲ್ಲಿಯೂ, ಟ್ರ್ಯಾಕ್ಟರಿನಿಂದ ಓಡುವ ಕೆಲವು ಆಲ್ಟರ್ನೇಟರುಗಳಲ್ಲಿಯೂ ಇನ್ನೊಂದು ಬಗೆಯ ತಪ್ಪು ನಡೆಯುತ್ತದೆ. ಹೊರೆ ಬಿದ್ದಾಗ ವೋಲ್ಟೇಜ್ 380ಕ್ಕೆ ಇಳಿಯುತ್ತದೆ. ಓಡಿಸುವವರು ಆಕ್ಸಿಲರೇಟರ್ ಏರಿಸಿ ಮುಳ್ಳನ್ನು 415ಕ್ಕೆ ತಂದು ನಿಲ್ಲಿಸುತ್ತಾರೆ. ವೋಲ್ಟೇಜ್ ಸರಿಹೋಗುತ್ತದೆ, ಆದರೆ ಫ್ರೀಕ್ವೆನ್ಸಿ 55 ಹರ್ಟ್ಸ್ ಮುಟ್ಟಿರಬಹುದು.

ನೀರು ಭರ್ಜರಿಯಾಗಿ ಬರುತ್ತದೆ, ಯಜಮಾನನಿಗೂ ಸಂತೋಷವಾಗುತ್ತದೆ. ಆದರೆ ವೇಗ ಶೇಕಡ 10ರಷ್ಟು ಏರಿದರೆ ಪಂಪು ಬೇಡುವ ಶಕ್ತಿ ಶೇಕಡ 33ರಷ್ಟು ಏರುತ್ತದೆ. 5 ಅಶ್ವಶಕ್ತಿಯ ಮೋಟಾರಿನಿಂದ ಆರೂವರೆ ಅಶ್ವಶಕ್ತಿಗೂ ಹೆಚ್ಚಿನ ಕೆಲಸ ತೆಗೆದಂತಾಗುತ್ತದೆ. ಓವರ್‌ಲೋಡ್ ರಿಲೇ ಬಿದ್ದರೆ ಪುಣ್ಯ. ಅದನ್ನು ಕಟ್ಟಿಹಾಕಿದ್ದರೆ ಅಥವಾ ಹೆಚ್ಚಿನ ಅಂಕಿಗೆ ತಿರುಗಿಸಿಟ್ಟಿದ್ದರೆ ಮೋಟಾರು ಉಳಿಯುವುದಿಲ್ಲ. ಆದುದರಿಂದ ಜನರೇಟರಿನಲ್ಲಿ ಮೊದಲು 50 ಹರ್ಟ್ಸ್, ಆಮೇಲೆ ವೋಲ್ಟೇಜ್. ವೇಗವನ್ನು ಸರಿಪಡಿಸಿದ ಮೇಲೂ ವೋಲ್ಟೇಜ್ ಬರದಿದ್ದರೆ ದೋಷ ಆಲ್ಟರ್ನೇಟರಿನಲ್ಲಿದೆ, ಅಥವಾ ಹೊರೆಗೆ ಜನರೇಟರು ಸಾಲದಾಗಿದೆ. ಆಕ್ಸಿಲರೇಟರಿನಿಂದ ಅದಕ್ಕೆ ಮದ್ದಿಲ್ಲ.

ಮೂರು ಫೇಸುಗಳ ಸಮತೋಲ

1956ರ ಭಾರತೀಯ ವಿದ್ಯುತ್ ನಿಯಮಗಳು 415 ವೋಲ್ಟಿಗೆ ಶೇಕಡ 6ರಷ್ಟು ಏರಿಳಿತವನ್ನು ಒಪ್ಪಿದ್ದವು. ಅಂದರೆ ಸುಮಾರು 390ರಿಂದ 440ರವರೆಗೆ. ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಇಂದಿಗೂ ಇದೇ ಅಳತೆ ಉಳಿದಿದೆ. ಆದರೆ ಮೂರು ಫೇಸುಗಳ ನಡುವೆ 420, 405, 390 ಎಂದು ಬಂದರೆ ಏನೆನ್ನಬೇಕು? ಬಿಡಿಬಿಡಿಯಾಗಿ ನೋಡಿದರೆ ಮೂರೂ ಮಿತಿಯೊಳಗಿವೆ. ಮೋಟಾರಿಗೆ ಮಾತ್ರ ಇದು ಹಿತವಲ್ಲ.

ಲೆಕ್ಕ ಹಾಕುವ ಬಗೆ ಸುಲಭ. ಮೂರನ್ನೂ ಕೂಡಿ ಮೂರರಿಂದ ಭಾಗಿಸಿದರೆ ಸರಾಸರಿ 405. ಸರಾಸರಿಯಿಂದ ಅತಿ ಹೆಚ್ಚು ದೂರವಿರುವ ಅಳತೆಯ ಅಂತರ 15. ಇದನ್ನು 405ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡ 3.7 ಬರುತ್ತದೆ. ಎಂಜಿನಿಯರುಗಳು ಬಳಸುವ ಒಂದು ಸ್ಥೂಲ ಲೆಕ್ಕದಂತೆ, ಈ ಅಂಕಿಯ ವರ್ಗದ ಎರಡರಷ್ಟು ಶೇಕಡ ವೈಂಡಿಂಗಿನ ಶಾಖ ಏರುತ್ತದೆ. ಇಲ್ಲಿ ಅದು ಸುಮಾರು ಶೇಕಡ 27. ವೈಂಡಿಂಗಿನ ಶಾಖ 10 ಡಿಗ್ರಿ ಹೆಚ್ಚಿದರೆ ಅದರ ಆಯುಸ್ಸು ಅರ್ಧವಾಗುತ್ತದೆಂಬುದು ಈ ಕಸುಬಿನಲ್ಲಿ ಹಳೆಯ ಮಾತು. ಅಸಮತೋಲ ಶೇಕಡ 1ರೊಳಗಿದ್ದರೆ ಒಳ್ಳೆಯದು. ಶೇಕಡ 5 ದಾಟಿದರೆ ಮೋಟಾರು ಓಡಿಸಲೇಬಾರದು.

ಜನರೇಟರಿನಲ್ಲಿ ಈ ಅಸಮತೋಲ ಬರುವುದು ಹೆಚ್ಚಾಗಿ ನಮ್ಮ ಕೈಯಿಂದಲೇ. ಪಂಪಿನ ಜೊತೆಗೆ ಮನೆಯ ದೀಪ, ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರಗಳನ್ನೆಲ್ಲ ಒಂದೇ ಫೇಸಿಗೆ ಕೊಟ್ಟರೆ ಆ ಫೇಸು ಕುಗ್ಗುತ್ತದೆ. ನ್ಯೂಟ್ರಲ್ ತಂತಿ ಸಡಿಲವಾಗಿದ್ದರಂತೂ ಒಂದು ಫೇಸಿನಲ್ಲಿ ದೀಪ ಮಂಕಾಗಿ, ಇನ್ನೊಂದರಲ್ಲಿ ಉಪಕರಣಗಳು ಸುಡುತ್ತವೆ.

ಯಾವ ಮೀಟರು ಬೇಕು

ಎರಡು ಉಪಕರಣಗಳಿದ್ದರೆ ಸಾಕು. ಒಂದು, ಫ್ರೀಕ್ವೆನ್ಸಿಯನ್ನೂ ತೋರಿಸುವ ಮಲ್ಟಿಮೀಟರು. ಇನ್ನೊಂದು, ತಂತಿಯನ್ನು ಕತ್ತರಿಸದೆ, ಬಾಯಿ ತೆರೆದು ತಂತಿಯ ಸುತ್ತ ಹಿಡಿದರೆ ಆಂಪಿಯರ್ ತೋರಿಸುವ ಕ್ಲ್ಯಾಂಪ್ ಮೀಟರು. ಎರಡೂ ಕೆಲಸ ಮಾಡುವ ಒಂದೇ ಮೀಟರು ಕೂಡ ಸಿಗುತ್ತದೆ. ಕೊಳ್ಳುವಾಗ ‘ಟ್ರೂ ಆರ್.ಎಂ.ಎಸ್.’ ಎಂದು ಬರೆದದ್ದನ್ನೇ ಆರಿಸಬೇಕು. ಅಗ್ಗದ ಮೀಟರುಗಳು ಅಲೆ ಚೊಕ್ಕವಾಗಿದೆಯೆಂದು ನಂಬಿ ಲೆಕ್ಕ ಹೇಳುತ್ತವೆ. ಸಣ್ಣ ಜನರೇಟರುಗಳ ಅಲೆ ಚೊಕ್ಕವಾಗಿರುವುದಿಲ್ಲ. ಅಲೆ ಚೌಕಾಕಾರವಾಗಿದ್ದರೆ ಅಗ್ಗದ ಮೀಟರು ಇರುವುದಕ್ಕಿಂತ ಶೇಕಡ 11ರಷ್ಟು ಹೆಚ್ಚು ತೋರಿಸುತ್ತದೆ. ಸೌರ ಪಂಪಿನ ನಿಯಂತ್ರಕದಿಂದ ಮೋಟಾರಿಗೆ ಹೋಗುವ ತಂತಿಯಲ್ಲಂತೂ ಅಂಥ ಮೀಟರಿನ ಮಾತನ್ನು ನಂಬುವಂತೆಯೇ ಇಲ್ಲ. ಮೀಟರು 600 ವೋಲ್ಟಿನ ‘ಕ್ಯಾಟ್ 3’ ದರ್ಜೆಯದಾಗಿರಲಿ.

ತ್ರೀ ಫೇಸ್ ವಿದ್ಯುತ್ತನ್ನು ಅಳೆಯುವುದು ಆಟವಲ್ಲ. ಒಣ ನೆಲದಲ್ಲಿ ರಬ್ಬರ್ ಚಪ್ಪಲಿ ತೊಟ್ಟು ನಿಂತು, ಮೊದಲ ಸಲ ಬಲ್ಲ ಎಲೆಕ್ಟ್ರಿಷಿಯನ್‌ನ ಸಮ್ಮುಖದಲ್ಲಿ ಅಳೆಯಬೇಕು. ಮಳೆಯಲ್ಲಿ, ಒದ್ದೆ ಕೈಯಲ್ಲಿ ಪೆಟ್ಟಿಗೆಯನ್ನು ತೆರೆಯಲೇಬಾರದು.

ಅಳೆಯುವ ಕ್ರಮ

ಖಾಲಿ ಓಡುವ ಜನರೇಟರಿನ ಅಳತೆಯಿಂದ ಏನೂ ತಿಳಿಯುವುದಿಲ್ಲ. ಮಾರುವವರು, ಬಾಡಿಗೆಗೆ ಕೊಡುವವರು ಸಾಮಾನ್ಯವಾಗಿ ತೋರಿಸುವುದು ಅದನ್ನೇ. ಅಳತೆಯನ್ನು ನಾಲ್ಕು ಹಂತಗಳಲ್ಲಿ ಮಾಡಬೇಕು.

ಮೊದಲನೆಯದಾಗಿ, ಖಾಲಿ ಓಡುವಾಗ. ಸಾಮಾನ್ಯ ಗವರ್ನರಿನ ಜನರೇಟರು ಆಗ 51-52 ಹರ್ಟ್ಸ್ ತೋರಿಸಿದರೆ ಗಾಬರಿ ಬೇಡ. ಹೊರೆ ಬಿದ್ದಾಗ ಅದು 50ರ ಸುಮಾರಿಗೆ ಇಳಿಯಬೇಕು.

ಎರಡನೆಯದಾಗಿ, ಮೋಟಾರು ಹಾಕಿದ ಕ್ಷಣ. ನೇರ ಸ್ಟಾರ್ಟರಿನಲ್ಲಿ ಮೋಟಾರು ಹೊರಡುವಾಗ ಮಾಮೂಲಿಗಿಂತ ಐದಾರು ಪಟ್ಟು ಆಂಪಿಯರ್ ಎಳೆಯುತ್ತದೆ. ವೋಲ್ಟೇಜ್ ಒಮ್ಮೆ ಬೀಳುತ್ತದೆ, ಕೂಡಲೇ ಮೇಲೇಳಬೇಕು. ಸ್ಟಾರ್ಟರ್ ಪಟಪಟನೆ ಬಡಿದುಕೊಂಡರೆ ಜನರೇಟರು ಸಾಲದೆಂದೇ ಅರ್ಥ. ವೋಲ್ಟೇಜ್ ಶೇಕಡ 80ಕ್ಕೆ ಬಿದ್ದರೆ ಮೋಟಾರಿನ ತಿರುಗುಬಲ ಶೇಕಡ 64ಕ್ಕೆ ಬೀಳುತ್ತದೆ ಎಂಬುದು ನೆನಪಿರಲಿ. 5 ಅಶ್ವಶಕ್ತಿಯ ಪಂಪು ಓಡುವಾಗ ಬೇಡುವುದು ಸುಮಾರು 6 ಕೆ.ವಿ.ಎ. ಆದರೂ, ಅದನ್ನು ನೇರವಾಗಿ ಹೊರಡಿಸಲು ಅದರ ಎರಡು ಪಟ್ಟಿಗೂ ಮಿಗಿಲಾದ ಜನರೇಟರ್ ಬೇಕಾಗುವುದು ಇದೇ ಕಾರಣಕ್ಕೆ. ಆರು ತಂತಿಯ ಮೋಟಾರಾದರೆ ಸ್ಟಾರ್-ಡೆಲ್ಟಾ ಸ್ಟಾರ್ಟರಿನಿಂದ ಈ ಎಳೆತ ಮೂರನೇ ಒಂದಕ್ಕೆ ಇಳಿಯುತ್ತದೆ.

ಮೂರನೆಯದಾಗಿ, ಹತ್ತು ನಿಮಿಷ ಓಡಿದ ಮೇಲೆ. ಇದೇ ಮುಖ್ಯವಾದ ಅಳತೆ. ಮೂರು ಫೇಸುಗಳ ನಡುವಿನ ಮೂರು ವೋಲ್ಟೇಜ್, ಫ್ರೀಕ್ವೆನ್ಸಿ, ಮೂರು ತಂತಿಗಳ ಆಂಪಿಯರ್, ಹೀಗೆ ಏಳು ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಆಂಪಿಯರನ್ನು ಮೋಟಾರಿನ ಹೆಸರುಪಟ್ಟಿಯಲ್ಲಿರುವ ಅಂಕಿಯೊಡನೆ ಹೋಲಿಸಬೇಕು. ವೋಲ್ಟೇಜನ್ನು ಮಾತ್ರ ನೋಡಿ ಬಿಡುವುದು ತರವಲ್ಲ. ಓಡುತ್ತಿರುವಾಗ ಒಂದು ಫ್ಯೂಸು ಹೋದರೆ, ಸತ್ತ ಫೇಸಿನಲ್ಲೂ ಮೋಟಾರು ತಾನೇ ವೋಲ್ಟೇಜ್ ಹುಟ್ಟಿಸಿ ಮೀಟರಿಗೆ ಮೋಸಮಾಡುತ್ತದೆ. ಆ ತಂತಿಗೆ ಕ್ಲ್ಯಾಂಪ್ ಹಿಡಿದರೆ ಆಂಪಿಯರ್ ಸೊನ್ನೆ ತೋರಿಸಿ ನಿಜ ಹೊರಬೀಳುತ್ತದೆ.

ನಾಲ್ಕನೆಯದಾಗಿ, ಮೋಟಾರು ನಿಲ್ಲಿಸಿದಾಗ. ಹೊರೆ ಹೋದೊಡನೆ ವೋಲ್ಟೇಜ್ ನೆಗೆದು ನಿಧಾನವಾಗಿ ಇಳಿಯುವ ಜನರೇಟರಿನಲ್ಲಿ ಟಿ.ವಿ., ಎಲ್.ಇ.ಡಿ. ದೀಪಗಳನ್ನು ಹಾಕಬಾರದು.

ಪೆಟ್ಟಿಗೆಯ ಬಳಿ ಬಂದ ಅಂಕಿ ಬಾವಿಯ ತಳದ ಅಂಕಿಯಲ್ಲ ಎಂಬುದೂ ಗಮನದಲ್ಲಿರಲಿ. 10 ಆಂಪಿಯರ್ ಹರಿಯುವ 300 ಮೀಟರ್ ಉದ್ದದ ತಾಮ್ರದ ಕೇಬಲ್ಲು 2.5 ಚದರ ಮಿಲಿಮೀಟರಿನದಾದರೆ ಸುಮಾರು 31 ವೋಲ್ಟು ದಾರಿಯಲ್ಲೇ ಕಳೆಯುತ್ತದೆ. 4 ಚದರ ಮಿಲಿಮೀಟರಿನದಾದರೆ ಕಳೆಯುವುದು ಸುಮಾರು 19. ಬಾವಿ ಆಳವಾದಂತೆ ಕೇಬಲ್ಲೂ ದಪ್ಪವಾಗಬೇಕು.

ಜೀವದ ಪ್ರಶ್ನೆ

ಜನರೇಟರನ್ನು ಲೈನಿಗೆ ಜೋಡಿಸಿದ ಪೆಟ್ಟಿಗೆಗೇ ಕೊಡುವವರು ಒಂದು ಮಾತನ್ನು ಮರೆಯಬಾರದು. ಟಿ.ಸಿ. ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ನಿಮ್ಮ ಜನರೇಟರಿನ 415 ವೋಲ್ಟು ಹಿಮ್ಮುಖವಾಗಿ ಟಿ.ಸಿ. ಸೇರಿದರೆ ಮೇಲಿನ ತಂತಿಯಲ್ಲಿ 11,000 ವೋಲ್ಟಾಗುತ್ತದೆ. ಲೈನು ಬಂದ್ ಆಗಿದೆಯೆಂದು ನಂಬಿ ಕಂಬ ಹತ್ತಿದ ಪವರ್‌ಮ್ಯಾನ್ ಪ್ರಾಣ ಕಳೆದುಕೊಳ್ಳುತ್ತಾನೆ. ಲೈನು ಅಥವಾ ಜನರೇಟರು, ಎರಡರಲ್ಲಿ ಒಂದಕ್ಕೆ ಮಾತ್ರ ದಾರಿ ಬಿಡುವ ಚೇಂಜ್‌ಓವರ್ ಸ್ವಿಚ್ಚು ಇಲ್ಲದೆ ಜನರೇಟರು ಓಡಿಸಲೇಕೂಡದು. ಅರ್ತಿಂಗ್ ಕಡ್ಡಾಯ. ಬಾಗಿಲು ಮುಚ್ಚಿದ ಪಂಪ್‌ಮನೆಯೊಳಗೆ ಎಂಜಿನ್ ಓಡಿಸಿದರೆ ಅದರ ಹೊಗೆಯಲ್ಲಿನ ವಾಸನೆಯಿಲ್ಲದ ವಿಷಾನಿಲ ಮನುಷ್ಯರನ್ನು ಕೊಲ್ಲುತ್ತದೆ.

ಖರ್ಚು ಮತ್ತು ಹೊಣೆ

ಸಣ್ಣ ಡೀಸೆಲ್ ಜನರೇಟರು ಲೀಟರಿಗೆ ಸುಮಾರು 3 ಯೂನಿಟ್ ಕೊಡುತ್ತದೆ. 2025ರ ಏಪ್ರಿಲ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಏರಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ಲಿಗೆ ಲೀಟರಿಗೆ 91 ರೂಪಾಯಿಯಾಯಿತು. ಆ ದರದಲ್ಲಿ ಯೂನಿಟ್ಟಿಗೆ 30 ರೂಪಾಯಿ ಬೀಳುತ್ತದೆ. 5 ಅಶ್ವಶಕ್ತಿಯ ಪಂಪನ್ನು 7 ಗಂಟೆ ಓಡಿಸಲು ಸಾವಿರ ರೂಪಾಯಿಗೂ ಮೇಲೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಉಚಿತವಾಗಿ ಬರಬೇಕಾದ ಕರೆಂಟಿಗೆ ರೈತ ತೆರುವ ಬೆಲೆ ಇದು. ಇಷ್ಟು ತೆತ್ತೂ 45 ಹರ್ಟ್ಸ್‌ನಲ್ಲಿ ನೀರು ಕಡೆದು ಮೋಟಾರು ಸುಟ್ಟುಕೊಂಡರೆ ನಷ್ಟ ಎರಡು ಪಟ್ಟು.

ಹಾಗಿದ್ದರೂ ಜನರೇಟರು ಮೂಲ ರೋಗಕ್ಕೆ ಔಷಧವಲ್ಲ. ರಾಜ್ಯದ ಮೂವತ್ತು ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್ಟುಗಳಲ್ಲಿ ಬಹುಪಾಲಿಗೆ ಮೀಟರಿಲ್ಲ. ಮೀಟರಿಲ್ಲದೆ ವಿದ್ಯುತ್ ಕೊಡಬಾರದೆಂದು 2003ರ ಕಾಯ್ದೆಯ 55ನೇ ಕಲಮು ಹೇಳುತ್ತದೆ. ಮೀಟರು ಬಂದರೆ ಹಿಂದೆಯೇ ಬಿಲ್ಲೂ ಬಂದೀತೆಂಬ ರೈತರ ಅಂಜಿಕೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಅಳತೆಯಿಲ್ಲದಿರುವುದರಿಂದ ರೈತನಿಗೂ ನಷ್ಟವಿದೆ. ಯೂನಿಟ್ಟಿನ ದಾಖಲೆ ಇಲ್ಲದಂತೆಯೇ ವೋಲ್ಟೇಜಿನ ದಾಖಲೆಯೂ ಇಲ್ಲ. ಮೋಟಾರು ಸುಟ್ಟ ದಿನ ಲೈನಿನಲ್ಲಿ 310 ವೋಲ್ಟಿತ್ತೆಂದು ಅವನು ತೋರಿಸಲಾರ. ಇದಕ್ಕೊಂದು ಮಧ್ಯದ ದಾರಿ ಉಂಟು. ಬಾವಿಗೆ ಮೀಟರು ಬೇಡವೆಂದಾದರೆ ಟಿ.ಸಿ.ಗೆ ಇರಲಿ. ಮೂರು ಫೇಸುಗಳ ವೋಲ್ಟೇಜನ್ನು ಗಂಟೆಗಂಟೆಗೆ ದಾಖಲಿಸಿ, ಆ ಅಂಕಿಗಳನ್ನು ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕುವುದು ವಿದ್ಯುತ್ ಸರಬರಾಜು ಕಂಪನಿಗಳಿಗೆ ಕಷ್ಟದ ಕೆಲಸವಲ್ಲ. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯಡಿ ಸಬ್‌ಸ್ಟೇಷನ್ನುಗಳ ಬಳಿ ಸೌರ ಘಟಕಗಳು ಬಂದರೆ ಹಗಲಿನ ಗಂಟೆಗಳು ಹೆಚ್ಚಬಹುದು. ಅಲ್ಲಿಂದ ಹೊಲದವರೆಗಿನ ಸಣ್ಣ ತಂತಿ, ದಣಿದ ಟಿ.ಸಿ. ಹಾಗೆಯೇ ಉಳಿದರೆ ಗುಣ ಹೆಚ್ಚದು. ಪರವಾನಗಿಯಿಲ್ಲದೆ ಕೊಕ್ಕೆ ಹಾಕಿ ಅದೇ ಟಿ.ಸಿ.ಯ ಮೇಲೆ ಹೊರೆ ಹೇರುವ ರೈತರೂ ಈ ಹೊಣೆಯಲ್ಲಿ ಪಾಲುದಾರರು.

ಅಲ್ಲಿಯವರೆಗೆ ರೈತ ಬಾಂಧವರು ಮಾಡಬಹುದಾದುದು ಇಷ್ಟು. ನಾಲ್ಕಾರು ಜನ ಸೇರಿ, ಇಲ್ಲವೇ ಸಹಕಾರ ಸಂಘದ ಮೂಲಕ ಒಂದು ಒಳ್ಳೆಯ ಮೀಟರು ಕೊಳ್ಳಿರಿ. ಲೈನು ಚೆನ್ನಾಗಿರುವ ಒಂದು ದಿನ ನಿಮ್ಮ ಮೋಟಾರಿನ ಏಳು ಅಂಕಿಗಳನ್ನು ಪೆಟ್ಟಿಗೆಯ ಬಾಗಿಲಿನ ಒಳಗೆ ಬರೆದಿಡಿರಿ. ಲೈನು ಕೆಟ್ಟಾಗ ತಾರೀಖು, ಗಂಟೆ, ವೋಲ್ಟೇಜ್ ಬರೆದು 1912 ಸಂಖ್ಯೆಗೆ ದೂರು ಹೇಳಿ, ದೂರಿನ ಸಂಖ್ಯೆ ಪಡೆದು, ಸೆಕ್ಷನ್ ಆಫೀಸಿಗೆ ಬರಹದಲ್ಲೂ ಕೊಡಿರಿ. ಜನರೇಟರನ್ನು ಕೊಳ್ಳುವಾಗ ಅಥವಾ ಬಾಡಿಗೆಗೆ ಹಿಡಿಯುವಾಗ, ನಿಮ್ಮದೇ ಪಂಪನ್ನು ಹತ್ತು ನಿಮಿಷ ಓಡಿಸಿ ಅವೇ ಏಳು ಅಂಕಿಗಳನ್ನು ನೋಡಿದ ಮೇಲೆಯೇ ಹಣ ಎಣಿಸಿರಿ. ಹಾಲನ್ನು ಅಳೆಯದೆ ಡೇರಿಗೆ ಹಾಕದ, ಕಾಳನ್ನು ತೂಗದೆ ಮಂಡಿಗೆ ಬಿಡದ ರೈತ, ಕರೆಂಟನ್ನೂ ಅಳೆದೇ ಕೊಳ್ಳುವುದು ಲೇಸು.